ಊಟವಾದ ಮೇಲೆ ಒಂದು

ಆ ಮನೆಯಲ್ಲಿ ಬುಧವಾರದ ಮಧ್ಯಾಹ್ನದ ಊಟ ಒಂದೂವರೆಯಿಂದ ಹನ್ನೆರಡಕ್ಕೆ ಜಾರಿದ್ದೇ ಮೊದಲ ಜಗಳಕ್ಕೆ ಕಾರಣವಾಯಿತು.

“ಇದೇನು ಮನೆಯೋ, ಆಸ್ಪತ್ರೆಯ ವಾರ್ಡೋ? ಗಂಟೆ ಹೊಡೆದ ಹಾಗೆ ತಟ್ಟೆ ಇಡ್ತೀಯಲ್ಲ. ಮನುಷ್ಯನಿಗೆ ಹಸಿವಾಗೋದು ಬೇಡ್ವಾ?” ಎಂದರು ಯಜಮಾನರು, ತಟ್ಟೆಯ ಮುಂದೆ ಕೂರುತ್ತಲೇ.

“ಒಂದು ಗಂಟೆಗೆ ಪಾಠ ಶುರು ಮಾವ. ಅದಕ್ಕೆ ಮುಂಚೆ ಸಮುದಾಯ ಭವನದ ಹಾಲ್ ಬಾಗಿಲು ತೆಗೆದು, ಗುಡಿಸಿ, ಚಾಪೆ ಹಾಸ್ಬೇಕು,” ಎಂದಳು ಸೊಸೆ. “ನಾನು ಹೋದ ಮೇಲೆ ಬಡಿಸೋಕೆ ಯಾರಿದ್ದಾರೆ ಹೇಳಿ?”

ಆ ಕೊನೆಯ ಮಾತು ಅವಳ ಬಾಯಿಂದ ಜಾರಿಬಿಟ್ಟಿತು. ಇಬ್ಬರೂ ಒಲೆಯ ಪಕ್ಕದ ಮೋಟು ಸ್ಟೂಲಿನ ಕಡೆ ನೋಡಿದರು. ಕೂಡಲೇ ಕಣ್ಣು ಬೇರೆಡೆ ತಿರುಗಿಸಿದರು. ಅಲ್ಲಿ ಕೂತು ಮೂವತ್ತೊಂಬತ್ತು ವರ್ಷ ಬಡಿಸಿದ ಜೀವ ಹೋಗಿ ಎರಡು ತಿಂಗಳಾಗಿತ್ತು.

“ಕೈ ನನಗೂ ಇದೆ,” ಎಂದು ಯಜಮಾನರು ಗೊಣಗಿದರು.

ಇತ್ತು, ನಿಜ. ಆದರೆ ಅರವತ್ತೆಂಟು ವರ್ಷಗಳಲ್ಲಿ ಆ ಕೈ ಒಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದ್ದಲ್ಲ. ಅದು ಬ್ರಶ್ ಹಿಡಿದ ಕೈ. ಆ ಬಡಾವಣೆಯಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಅವರ ಅಕ್ಷರಗಳಿದ್ದವು: ಹಿಟ್ಟಿನ ಗಿರಣಿಯ ಮೇಲೆ, ಕ್ಷೌರದ ಅಂಗಡಿಯ ಗಾಜಿನ ಮೇಲೆ, ಶಾಲೆಯ ಕಾಂಪೌಂಡಿನ ಮೇಲೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಯಂತ್ರ ಮುದ್ರಿಸಿಕೊಡುವ ಬೋರ್ಡುಗಳು ಬಂದ ಮೇಲೆ ಅವರ ಕೆಲಸ ಕಡಿಮೆಯಾಗಿತ್ತು; ಹೆಮ್ಮೆ ಕಡಿಮೆಯಾಗಿರಲಿಲ್ಲ. “ಯಂತ್ರ ಅಕ್ಷರ ಉಗುಳುತ್ತೆ, ಬರೆಯಲ್ಲ,” ಎನ್ನುತ್ತಿದ್ದರು. ಬೀದಿಯ ಮಕ್ಕಳಿಗೆ ಅವರು ಬಣ್ಣದ ತಾತ.

ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ಒಂಬತ್ತು ವರ್ಷ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿದವಳು. ಕಾರ್ಖಾನೆ ಮುಚ್ಚಿತು. ಅತ್ತೆ ತೀರಿಕೊಂಡ ತಿಂಗಳಿಗೆ ಸರಿಯಾಗಿ, ಬಡಾವಣೆಯ ಜನರಿಗೆ ಆರೋಗ್ಯದ ವಿಷಯ ತಿಳಿಸಿಕೊಡಲು ಅಲ್ಲಿಯವರೇ ಒಬ್ಬರು ಬೇಕೆಂದು ಆರೋಗ್ಯ ಕೇಂದ್ರದವರು ಕೇಳಿದರು. ಯಾರಿಗೂ ಹೇಳದೆ ಹೋಗಿ ಹೆಸರು ಕೊಟ್ಟುಬಂದಳು. ಇಪ್ಪತ್ತು ದಿನ ತರಬೇತಿ ಮುಗಿಸಿ, ಬಿಪಿ ನೋಡುವ ಯಂತ್ರವನ್ನೂ ಚಿತ್ರಗಳ ಒಂದು ದೊಡ್ಡ ಪುಸ್ತಕವನ್ನೂ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಾಗ, ಮೊದಲು ಮಾತಾಡಿದ್ದು ಮಗಳು.

“ಅಮ್ಮ, ನೀನು ಟೀಚರಾ ಈಗ? ಹೋಮ್‌ವರ್ಕ್ ಕೊಡ್ತೀಯಾ?”

“ಕೊಡ್ತೀನಿ. ಉಪ್ಪು ಕಮ್ಮಿ ತಿನ್ನೋದೇ ಹೋಮ್‌ವರ್ಕ್.”

“ಹಾಗಾದ್ರೆ ಫೇಲಾಗೋದು ತಾತನೇ,” ಎಂದಳು ಹನ್ನೆರಡು ವರ್ಷದ ಆ ಬಾಯಿಬಡಕಿ.

ಮೊದಲ ಬುಧವಾರ ಪಾಠಕ್ಕೆ ಬಂದವರು ಮೂವರು. ಒಬ್ಬಳು ನೆರಳಿಗೆಂದು ಬಂದವಳು, ಒಬ್ಬಳು ಗೋಡೆಗೊರಗಿ ನಿದ್ದೆ ಹೋದಳು, ಮೂರನೆಯವರು ಯಜಮಾನರ ಅಕ್ಕ. ಹಿಂದಿನ ಬೀದಿಯಲ್ಲಿದ್ದ ಆಕೆ ಬಂದದ್ದು, ತಮ್ಮನ ಸೊಸೆ ಅಲ್ಲೇನು ಮಾಡುತ್ತಾಳೆಂದು ಕಣ್ಣಾರೆ ಕಂಡು ವರದಿ ಒಪ್ಪಿಸಲು. ಆದರೂ ಸೊಸೆ ಮೂವರಿಗೂ ಮುನ್ನೂರು ಜನರಿಗೆ ಹೇಳುವಂತೆಯೇ ಹೇಳಿದಳು. ಕೈ ತೊಳೆಯುವುದು, ನೀರು ಕಾಯಿಸುವುದು, ತಲೆನೋವೆಂದು ಕಂಡವರ ಮಾತ್ರೆ ನುಂಗಬಾರದು ಎಂಬುದು. ಐದನೆಯ ವಾರಕ್ಕೆ ಚಾಪೆಗಳು ಸಾಲದಾದವು. ಮೀನು ಮಾರುವವಳು ತಕ್ಕಡಿ ಹಿಡಿದುಕೊಂಡೇ ಗಿರಾಕಿಗಳಿಗೆ “ನಿಮ್ಮ ಬಿಪಿಯ ಮೇಲಿನ ಅಂಕಿ ಎಷ್ಟು, ಕೆಳಗಿನ ಅಂಕಿ ಎಷ್ಟು?” ಎಂದು ವಿಚಾರಿಸತೊಡಗಿದಳು.

ಆರನೆಯ ವಾರ ಅಕ್ಕ ಬಾಗಿಲಲ್ಲೇ ಚಪ್ಪಲಿ ಒದರಿ ಒಳಗೆ ಬಂದಳು.

“ಲೋ ತಮ್ಮ, ನಿನ್ನ ಹೆಂಡತಿ ಯಾಕೆ ಸತ್ತಳು ಅಂತ ನಿನಗೆ ಗೊತ್ತೇನೋ?”

ಯಜಮಾನರು ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. “ಇದೆಂಥ ಪ್ರಶ್ನೆ ಅಕ್ಕಾ? ಮೆದುಳಲ್ಲಿ ರಕ್ತನಾಳ ಒಡೀತು.”

“ಅದಲ್ಲ. ಮಾತ್ರೆ ಸರಿಯಾಗಿ ತಗೊಳ್ಳದೆ ಸತ್ತಳಂತೆ. ನಿನ್ನ ಸೊಸೆ ಈಗ ತಾನೆ ಮೂವತ್ತು ಜನರ ಮುಂದೆ ಹೇಳಿದಳು. ಪುಣ್ಯಾತ್ಗಿತ್ತಿ, ದೇವರಂಥ ಹೆಂಗಸು, ಅವಳ ಸಾವು ಈಗ ಬೀದಿಯವರ ಬಾಯಿಗೆ ಎಲೆಅಡಿಕೆ!”

ಸಂಜೆ ಊಟಕ್ಕೆ ನಾಲ್ವರೂ ಕೂತಿದ್ದರು. ಅನ್ನ, ಬೇಯಿಸಿದ ಕುಂಬಳಕಾಯಿ, ಮೊಟ್ಟೆ. ಯಜಮಾನರು ತುತ್ತು ಎತ್ತಲಿಲ್ಲ.

“ನಿಮ್ಮತ್ತೆ ವಿಷಯ ಆ ಹಾಲಲ್ಲಿ ಎತ್ತಿದ್ಯಾ?”

“ಎತ್ತಿದೆ ಮಾವ. ನಮ್ಮ ಮನೆಯಲ್ಲೇ ಹೀಗಾಯ್ತು, ನೀವು ಹಾಗೆ ಮಾಡ್ಬೇಡಿ ಅಂದೆ.”

“ಏನು ಹೀಗಾಯ್ತು? ಅವಳು ಒಂದು ದಿನ ಮಾತ್ರೆ ತಪ್ಪಿಸಿದವಳಲ್ಲ. ಆಸ್ಪತ್ರೇಲಿ ಡಾಕ್ಟರು ಕೇಳಿದಾಗ ನಾನೇ ಎದೆ ತಟ್ಟಿ ಹೇಳಿದ್ದೀನಿ. ಈಗ ನೀನು ನನ್ನನ್ನ ಸುಳ್ಳ ಮಾಡ್ತಿದ್ಯಾ? ಸತ್ತವಳನ್ನ ತಪ್ಪಿತಸ್ಥೆ ಮಾಡ್ತಿದ್ಯಾ?”

ಸೊಸೆ ತಲೆ ತಗ್ಗಿಸಿ ಮಗಳ ತಟ್ಟೆಗೆ ಕುಂಬಳಕಾಯಿ ಹಾಕಿದಳು. ಅದು ಅವರ ಕೋಪವನ್ನು ಇನ್ನಷ್ಟು ಏರಿಸಿತು.

“ಇನ್ನೊಂದು ಸಲ ಆ ಮಾತು ಅಲ್ಲಿ ಬಂತೋ, ಆ ಪಾಠಾನೇ ಬೇಡ. ಹಾಲಿನ ಬೀಗದ ಕೈ ವಾಪಸ್ ಕೊಟ್ಟು ಮನೇಲಿರು.”

“ಕೊಡ್ತೀನಿ ಮಾವ,” ಎಂದಳು ಅವಳು ಶಾಂತವಾಗಿ. “ಆ ಮಾತು ಹೇಳದೆ ಪಾಠ ಮಾಡೋದು ನನ್ನಿಂದ ಆಗಲ್ಲ. ಈ ತಿಂಗಳ ಕೊನೆಗೆ ಕೊಟ್ಟುಬಿಡ್ತೀನಿ.”

ಮಗ ತಟ್ಟೆ ಸರಿಸಿದ. “ಯಾಕೆ ಕೊಡ್ಬೇಕು? ಅಪ್ಪ, ಅಮ್ಮ ಮಾತ್ರೆ ಬಿಟ್ಟಿದ್ದಳು. ವಾರಕ್ಕೆ ಮೂರು ದಿನ. ನನ್ನ ಕೈ ಬಸ್ ಎತ್ತೋ ಜ್ಯಾಕಿನ ಕೆಳಗೆ ಸಿಕ್ಕಾಗ ಹರಕೆ ಹೊತ್ತಳಲ್ಲ, ಕೈ ಪೂರ್ತಿ ಸರಿಹೋಗೋವರೆಗೂ ಸೋಮವಾರ, ಗುರುವಾರ, ಶನಿವಾರ ಉಪವಾಸ ಅಂತ. ಆ ಮೂರು ದಿನ.”

“ಉಪವಾಸಕ್ಕೂ ಮಾತ್ರೆಗೂ ಏನೋ ಸಂಬಂಧ?”

“ರೀ, ಬೇಡ ಅಂದಿದ್ದೆ ನಿಮಗೆ,” ಎಂದಳು ಸೊಸೆ.

ಮಗ ತಂದೆಯ ಕಡೆಗೇ ತಿರುಗಿದ. “ಸಂಬಂಧ ನೀವೇ ಬರೆದಿದ್ರಿ ಅಪ್ಪ.”

ಸೊಸೆ ಬೇರೆ ದಾರಿ ಕಾಣದೆ ಎದ್ದು, ಅತ್ತೆಯ ಪೆಟ್ಟಿಗೆಯ ತಳದಿಂದ ಒಂದು ತಗಡಿನ ಡಬ್ಬಿ ತಂದಿಟ್ಟಳು. ಯಜಮಾನರು ಅದನ್ನು ನೋಡಿದ ಕೂಡಲೇ ಗುರುತು ಹಿಡಿದರು. ಮಾತ್ರೆಯ ಕವರಿನ ಮೇಲೆ ಆರೋಗ್ಯ ಕೇಂದ್ರದವರು ಗೀಚಿದ್ದು ಹೆಂಡತಿಗೆ ತಿಳಿಯುವುದಿಲ್ಲವೆಂದು, ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನವೆಲ್ಲ ಕೂತು, ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಅವರೇ ಬರೆದುಕೊಟ್ಟಿದ್ದರು: ಊಟವಾದ ಮೇಲೆ ಒಂದು. ಕೆಳಗೊಂದು ಬಳ್ಳಿಯನ್ನೂ ಎಳೆದಿದ್ದರು. ಆಕೆಗೆ ಶಾಲೆಯ ಓದಿರಲಿಲ್ಲ. ಅಕ್ಷರ ಕಲಿತದ್ದೇ ಗಂಡ ಬರೆದ ಬೋರ್ಡುಗಳನ್ನು ನೋಡಿ. ಆ ಅಕ್ಷರ ಏನು ಹೇಳಿತೋ ಅದನ್ನೇ ಆಕೆ ಮಾಡಿದ್ದಳು. ಊಟವಿಲ್ಲದ ದಿನ ಮಾತ್ರೆಯೂ ಇಲ್ಲ.

ಡಬ್ಬಿಯೊಳಗೆ ಉಳಿದ ಮಾತ್ರೆಗಳು ಅರವತ್ತಾರು. ಹರಕೆಯಿಂದ ಸಾವಿನವರೆಗೆ ಇಪ್ಪತ್ತೆರಡು ವಾರ. ಅತ್ತೆಯ ಬಟ್ಟೆಗಳನ್ನು ಜೋಡಿಸುವಾಗ ಸೊಸೆಗೆ ಇದು ಸಿಕ್ಕಿತ್ತು. ಗಂಡನಿಗೊಬ್ಬನಿಗೆ ಹೇಳಿ, ಮಾವನಿಗೆ ಮಾತ್ರ ತಿಳಿಯಬಾರದೆಂದು ಆಣೆ ಹಾಕಿಸಿಕೊಂಡಿದ್ದಳು.

ಯಜಮಾನರು ಮುಚ್ಚಳವನ್ನು ಒಮ್ಮೆ ಬೆರಳಿನಿಂದ ಸವರಿದರು. ಆಮೇಲೆ ಕೈ ತೊಳೆದುಕೊಂಡು ಎದ್ದುಹೋದರು.

ಮುಂದಿನ ಎಂಟು ದಿನ ಆ ಮನೆಯಲ್ಲಿ ಊಟದ ಹೊತ್ತಿನ ಜಗಳವೂ ನಿಂತಿತು. ಊಟ ಹನ್ನೆರಡಕ್ಕೆ ಬಡಿಸಿದರೆ ಹನ್ನೆರಡಕ್ಕೆ, ಉಪ್ಪು ಇದ್ದರೂ ಇಲ್ಲದಿದ್ದರೂ ಒಂದೇ ಎಂಬಂತೆ ಯಜಮಾನರು ಉಂಡರು. ಬೆಳಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ಕೂತರೆ, ಬಾಲ್ಯದಿಂದ ನಾಲಗೆಗೆ ಪಳಗಿದ ಪ್ರಾರ್ಥನೆ ಬರುತ್ತಿರಲಿಲ್ಲ. ಬರುತ್ತಿದ್ದುದು ಮೂರೇ ಪದ, ತಾವೇ ಕೆಂಪು ಬಣ್ಣದಲ್ಲಿ ಬರೆದವು. ಎಂಟನೆಯ ದಿನ ಅವರು ದೇವರನ್ನು ಕೇಳುವುದು ಬಿಟ್ಟು ಆರೋಗ್ಯ ಕೇಂದ್ರಕ್ಕೆ ನಡೆದರು.

ನರ್ಸಮ್ಮ ಸಾಲಿನ ಕೊನೆಯವರನ್ನು ಕಳಿಸಿ ಅವರನ್ನು ಕೂರಿಸಿದಳು. ಅವರು ಸುತ್ತುಬಳಸದೆ ಕೇಳಿದರು.

“ಅಮ್ಮಾ, ಆ ಮಾತ್ರೆ ಖಾಲಿ ಹೊಟ್ಟೇಲಿ ತಗೊಂಡ್ರೆ ಏನಾಗ್ತಿತ್ತು?”

“ಏನೂ ಆಗ್ತಿರಲಿಲ್ಲ ತಾತ. ಅವರಿಗೆ ಕೊಡ್ತಿದ್ದ ಮಾತ್ರೆಗೆ ಊಟ ಆಗಿರಲೇಬೇಕು ಅಂತಿರಲಿಲ್ಲ. ನೀರಲ್ಲಿ ನುಂಗಿದ್ರೂ ಸಾಕಿತ್ತು.”

“ಮತ್ತೆ ಊಟ ಆದ ಮೇಲೆ ಅಂತ ಯಾಕೆ ಹೇಳಿದ್ರಿ?”

ನರ್ಸಮ್ಮ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. “ಊಟದ ಜೊತೆ ಸೇರಿಸಿ ಹೇಳಿದ್ರೆ ಜನ ಮರೆಯಲ್ಲ. ಅದಕ್ಕೆ.”

“ನೆನಪಿಗೆ.”

“ಹೂಂ ತಾತ, ನೆನಪಿಗೆ. ನಾವು ಹೇಳಿದ್ದನ್ನ ನೀವು ಬರೆದ್ರಿ. ಉಪವಾಸದವರು ಏನು ಮಾಡ್ತಾರೆ ಅಂತ ನಮಗೇ ಹೊಳೆದಿರಲಿಲ್ಲ. ನಿಮ್ಮ ಸೊಸೆ ಬಂದು ಹೇಳಿದ ಮೇಲೆ, ಈಗ ಮಾತ್ರೆ ಕೊಡೋವಾಗ ಪ್ರತಿಯೊಬ್ಬರಿಗೂ ‘ಉಪವಾಸ ಮಾಡ್ತೀರಾ’ ಅಂತ ಕೇಳ್ತೀನಿ. ಒಂದೇ ತಿಂಗಳಲ್ಲಿ ಹನ್ನೊಂದು ಜನ ಸಿಕ್ಕಿದ್ದಾರೆ, ನಿಮ್ಮ ಯಜಮಾನ್ತಿಯವರ ಹಾಗೇ ಬಿಡ್ತಿದ್ದವರು. ಹನ್ನೊಂದು ಜನ!”

ಯಜಮಾನರು ಮನೆಯ ದಾರಿಯಲ್ಲಿ ಎರಡು ಸಲ ಕೂತು ಎದ್ದರು. ಹನ್ನೊಂದು ಜನ. ಅವರಲ್ಲೂ ಹೆಂಡತಿಯರಿದ್ದರು, ಗಂಡಂದಿರಿದ್ದರು. ಅವರ ಮನೆಗಳಲ್ಲಿ ಇಂದು ಯಾರೋ ಬಡಿಸುತ್ತಿದ್ದರು, ಯಾರೋ ಉಣ್ಣುತ್ತಿದ್ದರು.

ಮನೆಗೆ ಬಂದರೆ ಮೊಮ್ಮಗಳು ಬಾಗಿಲಲ್ಲೇ ಕಾದಿದ್ದಳು, ಹೊಟ್ಟೆಯಲ್ಲಿ ಸುದ್ದಿ ನಿಲ್ಲದೆ.

“ತಾತ, ಅಮ್ಮ ಆರೋಗ್ಯ ಇಲಾಖೆ ಆಫೀಸರ್ ಜೊತೆ ಜಗಳ ಆಡಿ ಬಂದಿದ್ದಾಳೆ! ಹಾಲಿನ ಹೊರಗೋಡೆ ಮೇಲೆ ದೊಡ್ಡದಾಗಿ ಬರೆಸಬೇಕಂತೆ. ನಿಮ್ಮ ಹತ್ರನೇ ಬರೆಸಿ ಅಂದ್ರಂತೆ. ಅಮ್ಮ ಆಗಲ್ಲ ಅಂದಳಂತೆ.”

“ನಾನು ಬರೆಯೋದು ಬೇಡ ಅಂದಳಾ?” ಯಜಮಾನರ ಮುಖ ಸಣ್ಣದಾಯಿತು.

“ನೀವಲ್ಲ ತಾತ. ಆ ವಾಕ್ಯ.” ಅವಳು ಅಮ್ಮನ ಚೀಲದಿಂದ ಹಾಳೆ ಎಳೆದು ಕೊಟ್ಟಳು.

ಹಾಳೆಯಲ್ಲಿ ಟೈಪು ಮಾಡಿತ್ತು: ‘ಮಾತ್ರೆಗಳನ್ನು ಊಟದ ನಂತರ ತಪ್ಪದೆ ಸೇವಿಸಿ.’

ಅಡುಗೆಮನೆಯಿಂದ ಸೊಸೆ ಹೊರಬಂದಳು, ಕೈಯಲ್ಲಿ ಸೌಟು. “ಅದು ಮೇಲಿನಿಂದ ಬಂದ ವಾಕ್ಯವಂತೆ ಮಾವ, ಬದಲಾಯಿಸೋ ಹಾಗಿಲ್ಲವಂತೆ. ಮೇಲಿನವರು ಇಲ್ಲಿ ಬಂದು ಯಾರ ಮನೇಲಿ ಉಪವಾಸ ಇದೆ ಅಂತ ನೋಡಿದ್ದಾರಾ ಅಂತ ಕೇಳಿದೆ. ಇದನ್ನ ಗೋಡೆ ಮೇಲೆ ಹಾಕಿದ್ರೆ ನಾನೇ ಸುಣ್ಣ ಬಳೀತೀನಿ ಅಂದೆ. ಹೇಗೂ ಶನಿವಾರ ತಿಂಗಳ ಕೊನೆ, ಕೆಲಸ ಬಿಡೋಳು, ಹೆದರಿಕೆ ಏನು?”

ಯಜಮಾನರು ಹಾಳೆಯನ್ನು ಮಡಚಿ, ಮತ್ತೆ ಬಿಡಿಸಿ, ಮೇಜಿನ ಮೇಲೆ ಮಗುಚಿ ಹಾಕಿದರು. ಹಿಂಬದಿ ಖಾಲಿಯಿತ್ತು.

“ಪೆನ್ಸಿಲ್ ತಾರೇ,” ಎಂದರು ಮೊಮ್ಮಗಳಿಗೆ. ಆಮೇಲೆ ಸೊಸೆಯತ್ತ ನೋಡದೆ, “ಶನಿವಾರ ಯಾರೂ ಏನೂ ಬಿಡೋದು ಬೇಡ. ಏನು ಬರೀಬೇಕು ಅಂತ ನೀನು ಹೇಳು. ಎಷ್ಟು ಹಿಡಿಸುತ್ತೆ ಅಂತ ನಾನು ಹೇಳ್ತೀನಿ. ಗೋಡೆ ಇಪ್ಪತ್ತೆರಡು ಅಡಿ.”

ಸೌಟಿನಿಂದ ತೊಟ್ಟಿಕ್ಕುತ್ತಿದ್ದುದನ್ನು ಗಮನಿಸದೆ ಸೊಸೆ ಅಲ್ಲೇ ಕೂತಳು. ಮಗ ಡಿಪೋದಿಂದ ಬಂದಾಗ ಒಲೆಯ ಮೇಲಿದ್ದ ಅನ್ನ ತಳ ಹಿಡಿದಿತ್ತು, ಮೂವರೂ ಹಾಳೆಯ ಮೇಲೆ ಬಗ್ಗಿದ್ದರು.

ಸೊಸೆ ಮೊದಲು ಬರೆದದ್ದು ತರಬೇತಿಯ ಭಾಷೆ: ‘ಅಧಿಕ ರಕ್ತದೊತ್ತಡವುಳ್ಳವರು ಉಪವಾಸದ ದಿನಗಳಲ್ಲೂ ವೈದ್ಯರ ಸಲಹೆಯಿಲ್ಲದೆ ಔಷಧಿಯನ್ನು ನಿಲ್ಲಿಸತಕ್ಕದ್ದಲ್ಲ.’

“ಇದನ್ನ ಓದಿ ಮುಗಿಸೋದ್ರಲ್ಲಿ ಬಿಪಿ ಇಲ್ಲದವನಿಗೂ ಬರುತ್ತೆ,” ಎಂದರು ಯಜಮಾನರು. ನಾಲ್ಕು ತಿಂಗಳಲ್ಲಿ ಅವರಾಡಿದ ಮೊದಲ ತಮಾಷೆ ಅದು. “ಬೋರ್ಡು ಅಂದ್ರೆ ಬಸ್ಸಲ್ಲಿ ಹೋಗೋನು ಕಿಟಕಿಯಿಂದ ಓದಿ ಮುಗಿಸಬೇಕು. ತಕ್ಕದ್ದಲ್ಲ ಗಿಕ್ಕದ್ದಲ್ಲ ತೆಗಿ. ನೀನು ಆ ಮೀನಿನವಳಿಗೆ ಹೇಗೆ ಹೇಳ್ತೀಯ?”

“ಉಪವಾಸದ ದಿನವೂ ಬಿಪಿ ಮಾತ್ರೆ ಬಿಡಬೇಡಿ ಕಣ್ರೀ ಅಂತೀನಿ.”

“ಕಣ್ರೀ ಹಿಡಿಸಲ್ಲ. ಉಳಿದದ್ದು ಹಿಡಿಸುತ್ತೆ.”

“ಅಷ್ಟೇ ಬರೆದ್ರೆ ಸಕ್ಕರೆ ಕಾಯಿಲೆಯವರು ಅವರ ಮಾತ್ರೇನೂ ಬರೀ ಹೊಟ್ಟೇಲಿ ನುಂಗಿ ತಲೆಸುತ್ತಿ ಬೀಳ್ತಾರೆ ಮಾವ. ಅವರಿಗೆ ಬೇರೆ ಲೆಕ್ಕ.”

ಯಜಮಾನರು ಪೆನ್ಸಿಲ್ ಕೆಳಗಿಟ್ಟು ಸೊಸೆಯನ್ನು ನೋಡಿದರು. ಒಂದು ಪದ ಯಾರ ಮನೆಗೆ ಹೋಗಿ ಏನು ಮಾಡೀತು ಎಂದು ಮೊದಲೇ ಯೋಚಿಸುವವರನ್ನು ಅವರು ತಮ್ಮ ಕಸುಬಿನಲ್ಲೂ ಕಂಡಿರಲಿಲ್ಲ. “ಹಾಗಾದ್ರೆ ಎರಡನೇ ಸಾಲು ಬೇಕು,” ಎಂದರು. “ಅವರಿಗೊಂದು ಸಾಲು: ಸಕ್ಕರೆ ಕಾಯಿಲೆಯವರು ಉಪವಾಸಕ್ಕೆ ಮುಂಚೆ ನರ್ಸಮ್ಮನನ್ನು ಕೇಳಿ.”

ಮಗ ಸುಟ್ಟ ಅನ್ನವನ್ನೇ ಬಡಿಸಿಕೊಂಡು ತಿಂದ.

ನರ್ಸಮ್ಮ ಆ ಎರಡು ಸಾಲನ್ನು ಡಾಕ್ಟರಿಗೆ ತೋರಿಸಿ ಸಹಿ ಹಾಕಿಸಿದಳು. ಸಹಿ ನೋಡಿದ ಆಫೀಸರು, “ಈ ಒಂದು ಗೋಡೆಗೆ ಮಾತ್ರ” ಎಂದು ಒಪ್ಪಿದರು. ಬುಧವಾರ ಬೆಳಗ್ಗೆ ಯಜಮಾನರು ಗೋಡೆಗೆ ಬಿಳಿ ಬಳಿದು, ದಾರಕ್ಕೆ ನೀಲಿ ಪುಡಿ ಹಚ್ಚಿ ಮೀಟಿ ಗೆರೆ ಹೊಡೆದು, ಏಣಿ ಹತ್ತಿದರು. ಗೋಡೆ ಬರೆಯುವುದು ಗುಟ್ಟಿನ ಕೆಲಸವಲ್ಲ. ಒಂದೊಂದು ಅಕ್ಷರ ಮೂಡಿದಂತೆಲ್ಲ ದಾರಿಹೋಕರು ನಿಂತು ಮುಂದಿನದನ್ನು ಊಹಿಸುತ್ತಾರೆ. ‘ಉಪವಾಸದ ದಿನವೂ ಬಿ’ ಎಂಬಲ್ಲಿಗೆ ಬಂದಾಗ ಅಲ್ಲೊಂದು ಸಣ್ಣ ಸಂತೆಯೇ ಸೇರಿತ್ತು.

“ಬಿಸ್ಕತ್ತು!” ಎಂದ ಒಬ್ಬ.

“ಬಿಸಿನೀರು!” ಎಂದ ಇನ್ನೊಬ್ಬ.

“ಬಿಟ್ಟಿ ಊಟ ಇರಬೇಕು, ಬರೀರಿ ತಾತ, ಬೇಗ ಬರೀರಿ,” ಎಂದ ಸೈಕಲ್ ರಿಪೇರಿಯವನು.

“ಬಿಟ್ಟಿ ಬುದ್ಧಿ ಕಣಪ್ಪ,” ಎಂದರು ಯಜಮಾನರು, ಬ್ರಶ್ ಎತ್ತದೆ.

ಅಷ್ಟರಲ್ಲಿ ಅಕ್ಕ ಜನರನ್ನು ಸೀಳಿಕೊಂಡು ಬಂದಳು. “ಲೋ ತಮ್ಮ, ಮನೆ ದುಃಖಾನ ನಾಲ್ಕು ಜನ ಓದೋ ಹಾಗೆ ಗೋಡೆಗೆ ಬರೀತಿದ್ಯಲ್ಲೋ!”

“ನಾಲ್ಕು ಜನ ಅಲ್ಲ ಅಕ್ಕಾ, ನಾಲ್ಕು ಸಾವಿರ ಜನ ಓದಲಿ ಅಂತಾನೇ ಅಕ್ಷರ ಒಂದೂವರೆ ಅಡಿ ಎತ್ತರ ಇಟ್ಟಿರೋದು. ನೀನು ಗುರುವಾರ ಉಪವಾಸ ಇರ್ತೀಯಲ್ಲ, ನಿನ್ನ ಮಾತ್ರೆ ಏನು ಮಾಡ್ತೀಯ?”

ಅಕ್ಕ, “ಏಣಿ ಅಲ್ಲಾಡ್ತಿದೆ, ಬಿದ್ದುಗಿದ್ದೀಯ,” ಎಂದು ಬೈಯುತ್ತ, ಎರಡೂ ಕೈಯಿಂದ ಏಣಿ ಹಿಡಿದು ನಿಂತಳು.

ಒಂದು ಗಂಟೆಗೆ ಒಳಗೆ ಪಾಠ ಶುರುವಾಯಿತು. ಕಿಟಕಿ ತೆರೆದಿತ್ತು. ‘ಮಾತ್ರೆ’ಯ ಒತ್ತಕ್ಷರ ಎಳೆಯುತ್ತಿದ್ದ ಯಜಮಾನರಿಗೆ ಸೊಸೆಯ ದನಿ ಸ್ಪಷ್ಟವಾಗಿ ಕೇಳಿಸಿತು. “ನಮ್ಮ ಅತ್ತೆ ನನಗೆ ತಾಯಿಯಂತಿದ್ರು. ಓದಿದವರಲ್ಲ. ಆದ್ರೆ ಹೇಳಿದ ಮಾತನ್ನ ಅಕ್ಷರ ತಪ್ಪದೆ ಪಾಲಿಸೋರು. ತಪ್ಪು ಅವರದ್ದಲ್ಲ, ಹೇಳಿದ ಮಾತೇ ಅರ್ಧ ಇತ್ತು…” ಯಜಮಾನರು ಬ್ರಶ್ಶನ್ನು ಗೋಡೆಯಿಂದ ತೆಗೆದು, ಬಣ್ಣದಲ್ಲಿ ಇನ್ನೊಮ್ಮೆ ಅದ್ದಿ, ಮತ್ತೆ ಇಟ್ಟರು.

ವಾಕ್ಯ ‘ಬಿಡಬೇ’ ಎಂಬಲ್ಲಿಗೆ ಬಂದಿತ್ತು. ಗೋದಾಮಿನಲ್ಲಿ ಮೂಟೆ ಹೊರುವ ಒಬ್ಬ ಭಾರಿ ಆಳು, ಜನ ಚದುರಿದ ಮೇಲೂ ಹೋಗದೆ ನಿಂತಿದ್ದ. ತಲೆಯ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹತ್ತಿರ ಬಂದ.

“ತಾತ, ನಾನು ಇವತ್ತು ಉಪವಾಸ. ಬೆಳಗ್ಗೆ ಬಿಪಿ ಮಾತ್ರೆ ತಗೊಂಡಿಲ್ಲ. ಈಗ ತಗೊಳ್ಬಹುದಾ?”

ಉತ್ತರ ಯಜಮಾನರ ನಾಲಗೆಯ ತುದಿಯಲ್ಲಿತ್ತು. ಅವರು ಅದನ್ನು ನುಂಗಿಕೊಂಡರು. “ನಾನು ಅಕ್ಷರ ಬರೆಯೋನು ಅಷ್ಟೇ. ಒಳಗೆ ಹೋಗಿ ಟೀಚರನ್ನ ಕೇಳು. ನಿನ್ನ ಕೈಗೆ ಪಟ್ಟಿ ಕಟ್ಟಿ, ಬಿಪಿ ನೋಡಿ, ಹೇಳ್ತಾರೆ.”

“ಹೆಂಗಸರ ಪಾಠ ಅಲ್ವಾ ಅದು?”

“ರಕ್ತಕ್ಕೆ ಹೆಂಗಸು ಗಂಡಸು ಅಂತ ಇದೆಯೇನೋ? ಹೋಗು, ಮುಂದಿನ ಸಾಲಲ್ಲಿ ಕೂತ್ಕೋ.”

ಅವನು ಎರಡು ಹೆಜ್ಜೆ ಇಟ್ಟು, ಸಂಕೋಚದಿಂದ ತಿರುಗಿದ. “ಟೀಚರು ಬೈತಾರಾ ತಾತ? ಯಾರು ಅವರು?”

ಯಜಮಾನರು ಏಣಿಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡರು.

“ನಮ್ಮ ಸೊಸೆ,” ಎಂದರು, ಬೀದಿಯ ಆ ತುದಿಗೂ ಕೇಳುವಂತೆ.